ಒಂದೇ ಮಗು, ನಾಲ್ಕು ಅಳತೆ: ದೀರ್ಘಕಾಲಿಕ ವೈದ್ಯಕೀಯ ದತ್ತಾಂಶವನ್ನು ರ‍್ಯಾಂಕ್ ಮೂಲಕ ಕಲಿಸುವ ಪಾಠ

ವಿಷಯ: ಸಂಖ್ಯಾಶಾಸ್ತ್ರ
ಘಟಕ: ನಾನ್‌ಪ್ಯಾರಾಮೆಟ್ರಿಕ್ ವಿಧಾನಗಳು
ಉಪಘಟಕ: ಒಬ್ಬರನ್ನೇ ಮತ್ತೆ ಮತ್ತೆ ಅಳೆದಾಗ ದೊರೆಯುವ ದತ್ತಾಂಶದ ವಿಶ್ಲೇಷಣೆ
ತರಗತಿ: ಪದವಿ, ಬಿ.ಎಸ್‌ಸಿ.
ಅವಧಿ: 50 ನಿಮಿಷಗಳ ಮೂರು ತರಗತಿಗಳು
ಪೂರ್ವಜ್ಞಾನ: ಸರಾಸರಿ, ಮಧ್ಯಾಂಕ, ಮಾನಕ ವಿಚಲನೆ, ಶೂನ್ಯ ಪ್ರಾಕ್ಕಲ್ಪನೆ, ಕೈ-ವರ್ಗ ಕೋಷ್ಟಕವನ್ನು ನೋಡುವ ಕ್ರಮ
ಬೋಧನೋಪಕರಣ: ಕೆಳಗಿನ ಎರಡು ಕೋಷ್ಟಕಗಳ ಪ್ರತಿ, ಗ್ರಾಫ್ ಹಾಳೆ, ಸಾಧಾರಣ ಕ್ಯಾಲ್ಕುಲೇಟರ್

ಕಲಿಕಾ ಉದ್ದೇಶಗಳು

ಪಾಠದ ಕೊನೆಗೆ ವಿದ್ಯಾರ್ಥಿಯು
1. ಅಳತೆಗಳ ಸಂಖ್ಯೆಗೂ ವ್ಯಕ್ತಿಗಳ ಸಂಖ್ಯೆಗೂ ಇರುವ ವ್ಯತ್ಯಾಸವನ್ನು ಉದಾಹರಣೆಯೊಂದಿಗೆ ವಿವರಿಸುವನು;
2. ಫ್ರೀಡ್ಮನ್ ಪರೀಕ್ಷೆಯನ್ನು ಕೈಲೆಕ್ಕದಲ್ಲಿ ಮಾಡುವನು;
3. ಪ್ರತಿ ವ್ಯಕ್ತಿಯ ಅಳತೆಗಳನ್ನು ಒಂದೇ ಸಂಖ್ಯೆಗೆ ಇಳಿಸಿ ಎರಡು ಗುಂಪುಗಳನ್ನು ಮಾನ್–ವಿಟ್ನಿ ಪರೀಕ್ಷೆಯಿಂದ ಹೋಲಿಸುವನು;
4. ವಿಧಾನವನ್ನು ಉತ್ತರ ನೋಡುವ ಮೊದಲೇ ಏಕೆ ಆರಿಸಬೇಕು ಎಂಬುದಕ್ಕೆ ಕಾರಣ ಕೊಡುವನು.

ಪಾಠದ ಹಿನ್ನೆಲೆ

ಮಕ್ಕಳ ಬೆಳವಣಿಗೆಯನ್ನು ಅಧ್ಯಯನ ಮಾಡುವ ಎರಡು ದಾರಿಗಳನ್ನು ಪ್ರಶಿಕ್ಷಣಾರ್ಥಿಗಳು ಶೈಕ್ಷಣಿಕ ಮನೋವಿಜ್ಞಾನದಲ್ಲಿ ಓದಿರುತ್ತಾರೆ. ಬೇರೆ ಬೇರೆ ವಯಸ್ಸಿನ ಬೇರೆ ಬೇರೆ ಮಕ್ಕಳನ್ನು ಒಂದೇ ಸಲ ಅಳೆಯುವುದು ಅಡ್ಡಛೇದ ವಿಧಾನ. ಅದೇ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಳೆಯುವುದು ದೀರ್ಘಕಾಲಿಕ ಅಥವಾ ಲಾಂಗಿಟ್ಯೂಡಿನಲ್ ವಿಧಾನ. ವೈದ್ಯಕೀಯ ಸಂಶೋಧನೆಯಲ್ಲಿ ಎರಡನೆಯದಕ್ಕೆ ಬೆಲೆ ಹೆಚ್ಚು. ರಕ್ತದೊತ್ತಡ ಇಳಿಯಿತೇ, ನೋವು ಕಡಿಮೆಯಾಯಿತೇ, ಮೂಳೆ ಬೆಳೆಯಿತೇ ಎಂಬ ಪ್ರಶ್ನೆಗಳಿಗೆ ಒಂದೇ ಅಳತೆಯಿಂದ ಉತ್ತರ ಸಿಗುವುದಿಲ್ಲ.

ಇಂಥ ದತ್ತಾಂಶ ಎರಡು ತೊಡಕುಗಳನ್ನು ತರುತ್ತದೆ. ಮೊದಲನೆಯದು, ಒಬ್ಬರ ಅಳತೆಗಳು ಒಂದಕ್ಕೊಂದು ನೆಂಟರಿದ್ದಂತೆ. ಅವು ಪರಸ್ಪರ ಸ್ವತಂತ್ರವಲ್ಲ. ಎರಡನೆಯದು, ರೋಗಿಗಳ ಸಂಖ್ಯೆ ಸಾಮಾನ್ಯವಾಗಿ ಚಿಕ್ಕದು. ಹನ್ನೊಂದು ಜನರ ಅಳತೆಗಳನ್ನು ನೋಡಿ ಅವು ನಾರ್ಮಲ್ ವಕ್ರರೇಖೆಯನ್ನು ಅನುಸರಿಸುತ್ತವೆಯೇ ಎಂದು ಹೇಳಲು ಬರುವುದಿಲ್ಲ. ನಿರ್ದಿಷ್ಟ ಆಕಾರದ ವಿತರಣೆಯನ್ನು ಮೊದಲೇ ಒಪ್ಪಿಕೊಂಡು ಅದರ ಪ್ರಾಚಲಗಳನ್ನು ಅಂದಾಜು ಮಾಡುವುದು ಪ್ಯಾರಾಮೆಟ್ರಿಕ್ ದಾರಿ. ಅಂಥ ಆಕಾರವನ್ನು ಒಪ್ಪಿಕೊಳ್ಳದೆ, ಹೆಚ್ಚಾಗಿ ಅಳತೆಗಳ ಕ್ರಮವನ್ನು ಮಾತ್ರ ನಂಬಿ ಮುಂದುವರಿಯುವುದು ನಾನ್‌ಪ್ಯಾರಾಮೆಟ್ರಿಕ್ ದಾರಿ. ಈ ಪಾಠದಲ್ಲಿ ಎರಡನೆಯ ದಾರಿಯನ್ನು ಹಿಡಿಯುತ್ತೇವೆ.

ಬಳಸುವ ದತ್ತಾಂಶ

ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ದಂತವೈದ್ಯ ಶಾಲೆಯವರು 11 ಹುಡುಗಿಯರು ಮತ್ತು 16 ಹುಡುಗರನ್ನು 8, 10, 12, 14ನೆಯ ವಯಸ್ಸಿನಲ್ಲಿ ಅಳೆದರು. ತಲೆಬುರುಡೆಯ ಪಾರ್ಶ್ವದ ಎಕ್ಸ್-ರೇ ಚಿತ್ರದಲ್ಲಿ, ಪಿಟ್ಯುಟರಿ ಗ್ರಂಥಿ ಇರುವ ಕುಳಿಯ ಮಧ್ಯದಿಂದ ಮೇಲ್ದವಡೆಯ ಹಿಂಬದಿಯಲ್ಲಿರುವ ಟೆರಿಗೋಮ್ಯಾಕ್ಸಿಲರಿ ಎಂಬ ಬಿರುಕಿನವರೆಗಿನ ದೂರವೇ ಆ ಅಳತೆ. ಪಾಟ್ಹಾಫ್ ಮತ್ತು ಎಸ್. ಎನ್. ರಾಯ್ ಇದನ್ನು 1964ರಲ್ಲಿ ಬಯೋಮೆಟ್ರಿಕಾ ಪತ್ರಿಕೆಯಲ್ಲಿ ಪ್ರಕಟಿಸಿದರು. ರಾಯ್ ಅವರು ಕಲ್ಕತ್ತೆಯಲ್ಲಿ ಮಹಲನೋಬಿಸರ ಜೊತೆ ಕೆಲಸ ಮಾಡಿ, ನಂತರ ಉತ್ತರ ಕೆರೊಲಿನಾಕ್ಕೆ ಹೋದವರು. ಅಂದಿನಿಂದ ಈ 27 ಮಕ್ಕಳ ಅಳತೆಗಳು ದೀರ್ಘಕಾಲಿಕ ದತ್ತಾಂಶವನ್ನು ಕಲಿಸುವವರ ಕೈಗೂಸಾಗಿವೆ.

ಕೋಷ್ಟಕ 1: ಹುಡುಗಿಯರು (8, 10, 12, 14ನೆಯ ವಯಸ್ಸಿನ ಅಳತೆ, ಮಿ.ಮೀ.)
1: 21, 20, 21.5, 23
2: 21, 21.5, 24, 25.5
3: 20.5, 24, 24.5, 26
4: 23.5, 24.5, 25, 26.5
5: 21.5, 23, 22.5, 23.5
6: 20, 21, 21, 22.5
7: 21.5, 22.5, 23, 25
8: 23, 23, 23.5, 24
9: 20, 21, 22, 21.5
10: 16.5, 19, 19, 19.5
11: 24.5, 25, 28, 28

ಕೋಷ್ಟಕ 2: ಹುಡುಗರು (ಅದೇ ಕ್ರಮ, ಮಿ.ಮೀ.)
1: 26, 25, 29, 31
2: 21.5, 22.5, 23, 26.5
3: 23, 22.5, 24, 27.5
4: 25.5, 27.5, 26.5, 27
5: 20, 23.5, 22.5, 26
6: 24.5, 25.5, 27, 28.5
7: 22, 22, 24.5, 26.5
8: 24, 21.5, 24.5, 25.5
9: 23, 20.5, 31, 26
10: 27.5, 28, 31, 31.5
11: 23, 23, 23.5, 25
12: 21.5, 23.5, 24, 28
13: 17, 24.5, 26, 29.5
14: 22.5, 25.5, 25.5, 26
15: 23, 24.5, 26, 30
16: 22, 21.5, 23.5, 25

ಮೊದಲ ತರಗತಿ: ಮಗುವನ್ನು ಅದರೊಂದಿಗೇ ಹೋಲಿಸುವುದು

ಪೀಠಿಕಾ ಪ್ರಶ್ನೆ: "ಕೋಷ್ಟಕ 1ರಲ್ಲಿ ಎಷ್ಟು ಮಾಹಿತಿ ಇದೆ?" ಬಹಳಷ್ಟು ವಿದ್ಯಾರ್ಥಿಗಳು 44 ಎನ್ನುತ್ತಾರೆ. ಉತ್ತರವನ್ನು ಹಲಗೆಯ ಮೇಲೆ ಬರೆದಿಟ್ಟು, ತಕ್ಷಣ ತಿದ್ದದೆ, ಎರಡನೆಯ ಪ್ರಶ್ನೆ ಕೇಳಿ: "ಪ್ರತಿ ವಯಸ್ಸಿನಲ್ಲೂ ಅತಿ ಕಡಿಮೆ ಅಳತೆ ಯಾರದು? ಅತಿ ಹೆಚ್ಚು ಯಾರದು?" ನಾಲ್ಕೂ ವಯಸ್ಸಿನಲ್ಲಿ ಅತಿ ಕಡಿಮೆ 10ನೆಯ ಹುಡುಗಿಯದು, ಅತಿ ಹೆಚ್ಚು 11ನೆಯವಳದು. ಅಂದರೆ ಎಂಟನೆಯ ವಯಸ್ಸಿನ ಅಳತೆ ತಿಳಿದರೆ ಹದಿನಾಲ್ಕನೆಯದರ ಬಗ್ಗೆ ಸಾಕಷ್ಟು ತಿಳಿದಂತೆಯೇ. 44 ಅಳತೆಗಳು 44 ಸ್ವತಂತ್ರ ಸಾಕ್ಷಿಗಳಲ್ಲ. ಸಾಕ್ಷಿಗಳು 11, ಒಬ್ಬೊಬ್ಬರು ನಾಲ್ಕು ಮಾತು ಹೇಳಿದ್ದಾರೆ.

ಈಗ 10ನೆಯ ಹುಡುಗಿಯ ಸಾಲಿನ ಮೇಲೆ ಬೆರಳಿಡಲು ಹೇಳಿ. ಹದಿನಾಲ್ಕನೆಯ ವಯಸ್ಸಿನಲ್ಲಿ ಅವಳ ಅಳತೆ 19.5. ಉಳಿದ ಹತ್ತೂ ಹುಡುಗಿಯರು ಎಂಟನೆಯ ವಯಸ್ಸಿನಲ್ಲೇ ಇದಕ್ಕಿಂತ ಹೆಚ್ಚಿದ್ದರು; ಅವರಲ್ಲಿ ಅತಿ ಕಡಿಮೆಯದೇ 20. ಎಲ್ಲ ಅಳತೆಗಳನ್ನೂ ಒಂದೇ ರಾಶಿಗೆ ಸುರಿದು ನೋಡಿದರೆ ಈ ಹುಡುಗಿ "ಬೆಳೆಯದವಳು". ಅವಳನ್ನು ಅವಳೊಂದಿಗೇ ಹೋಲಿಸಿದರೆ ಆರು ವರ್ಷದಲ್ಲಿ 3 ಮಿ.ಮೀ. ಬೆಳೆದಿದ್ದಾಳೆ. ಹನ್ನೊಂದು ಹುಡುಗಿಯರ ಬೆಳವಣಿಗೆಯ ಮಧ್ಯಾಂಕವೂ 3 ಮಿ.ಮೀ. ತಾನೆ! ಅವಳ ಬೆಳವಣಿಗೆ ಗುಂಪಿನ ನಟ್ಟನಡುವಿನದು. ಆರಂಭದ ಮಟ್ಟ ಬೇರೆ, ಬೆಳವಣಿಗೆ ಬೇರೆ. ಈ ಒಂದು ಸಾಲು ವಿದ್ಯಾರ್ಥಿಗಳ ಮನಸ್ಸಿನಲ್ಲಿ ನಿಂತರೆ ಪಾಠದ ಅರ್ಧ ಕೆಲಸ ಮುಗಿದಂತೆ.

ಫ್ರೀಡ್ಮನ್ ಪರೀಕ್ಷೆ ನಿಂತಿರುವುದು ಈ ಅಡಿಪಾಯದ ಮೇಲೆ. ಮಿಲ್ಟನ್ ಫ್ರೀಡ್ಮನ್ ಇದನ್ನು 1937ರಲ್ಲಿ ಪ್ರಕಟಿಸಿದರು. 1976ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಫ್ರೀಡ್ಮನ್ ಇವರೇ. ಉಪಾಯ ಸರಳ: ಪ್ರತಿ ವ್ಯಕ್ತಿಯ ಸಾಲಿನೊಳಗೇ ಅಳತೆಗಳಿಗೆ ರ‍್ಯಾಂಕ್ ಕೊಡಿ. ಅತಿ ಚಿಕ್ಕದಕ್ಕೆ 1, ಅತಿ ದೊಡ್ಡದಕ್ಕೆ 4. ಎರಡು ಅಳತೆ ಸಮವಾದರೆ ಅವುಗಳ ಪಾಲಿಗೆ ಬರುವ ರ‍್ಯಾಂಕ್‌ಗಳ ಸರಾಸರಿಯನ್ನು ಎರಡಕ್ಕೂ ಹಂಚಿ.

ಹಲಗೆಯ ಮೇಲೆ ಮೂರು ಸಾಲುಗಳನ್ನು ಶಿಕ್ಷಕರು ಮಾಡಿ ತೋರಿಸಬೇಕು.
ಹುಡುಗಿ 1: 21, 20, 21.5, 23. ರ‍್ಯಾಂಕ್ 2, 1, 3, 4
ಹುಡುಗಿ 6: 20, 21, 21, 22.5. ರ‍್ಯಾಂಕ್ 1, 2.5, 2.5, 4
ಹುಡುಗಿ 9: 20, 21, 22, 21.5. ರ‍್ಯಾಂಕ್ 1, 2, 4, 3

ಉಳಿದ ಎಂಟು ಸಾಲುಗಳನ್ನು ವಿದ್ಯಾರ್ಥಿಗಳು ಜೋಡಿಯಾಗಿ ಮಾಡಲಿ. ಬಳಿಕ ಪ್ರತಿ ವಯಸ್ಸಿನ ರ‍್ಯಾಂಕ್‌ಗಳನ್ನು ಕೂಡಿಸಲಿ. ಬರಬೇಕಾದ ಮೊತ್ತ:
8 ವರ್ಷ: 12.5
10 ವರ್ಷ: 22.5
12 ವರ್ಷ: 32.5
14 ವರ್ಷ: 42.5
ಒಟ್ಟು 110. ಪ್ರತಿ ಸಾಲಿನ ಮೊತ್ತ 10, ಹನ್ನೊಂದು ಸಾಲು. ಹಾಗಾಗಿ 110 ಬರದಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ ಎಂದು ತಿಳಿಯಬಹುದು.

ಶೂನ್ಯ ಪ್ರಾಕ್ಕಲ್ಪನೆಯನ್ನು ಮಾತಿನಲ್ಲೇ ಹೇಳಿಸಿ: "ವಯಸ್ಸಿಗೂ ಅಳತೆಗೂ ಸಂಬಂಧವಿಲ್ಲ, ಒಬ್ಬ ಹುಡುಗಿಯ ನಾಲ್ಕು ಅಳತೆಗಳನ್ನು ಹೇಗೆ ಕಲಸಿದರೂ ಒಂದೇ." ನಾಲ್ಕು ವಸ್ತುಗಳನ್ನು ಜೋಡಿಸುವ ಕ್ರಮಗಳು 24. ಪ್ರಾಕ್ಕಲ್ಪನೆ ನಿಜವಾದರೆ ಈ 24 ಕ್ರಮಗಳಿಗೂ ಸಮಾನ ಸಂಭವನೀಯತೆ ಇರಬೇಕು. ಪ್ರತಿ ವಯಸ್ಸಿನ ಮೊತ್ತ 27.5ರ ಆಸುಪಾಸಿನಲ್ಲಿರಬೇಕು. ಇಲ್ಲಿ ನಾರ್ಮಲ್ ವಕ್ರರೇಖೆಯ ಮಾತೇ ಬರಲಿಲ್ಲ ಎಂಬುದನ್ನು ಗಮನಕ್ಕೆ ತನ್ನಿ.

ಲೆಕ್ಕ: 27.5ರಿಂದ ಆಗಿರುವ ವ್ಯತ್ಯಾಸಗಳು −15, −5, 5, 15. ವರ್ಗಗಳ ಮೊತ್ತ 225 + 25 + 25 + 225 = 500. ಇದನ್ನು 12ರಿಂದ ಗುಣಿಸಿ, ವ್ಯಕ್ತಿಗಳ ಸಂಖ್ಯೆ × ಸಂದರ್ಭಗಳ ಸಂಖ್ಯೆ × ಅದಕ್ಕಿಂತ ಒಂದು ಹೆಚ್ಚು, ಅಂದರೆ 11 × 4 × 5 = 220ರಿಂದ ಭಾಗಿಸಿ. ಫ್ರೀಡ್ಮನ್ ಮೌಲ್ಯ 27.27. ಸಮ ಅಳತೆಗಳಿಗಾಗಿ ತಿದ್ದುಪಡಿ ಮಾಡಿದರೆ 28.30. ಮೂರು ಸ್ವಾತಂತ್ರ್ಯ ಮಾನದ ಕೈ-ವರ್ಗ ಕೋಷ್ಟಕದಲ್ಲಿ 5 ಶೇಕಡಾ ಮಟ್ಟದ ಬೆಲೆ 7.815. ನಮ್ಮ ಮೌಲ್ಯ ಅದನ್ನು ಬಹುದೂರ ದಾಟಿದೆ. ವಯಸ್ಸಿನೊಂದಿಗೆ ಅಳತೆ ಬದಲಾಗುತ್ತದೆ ಎಂಬ ತೀರ್ಮಾನಕ್ಕೆ ಬರಬಹುದು.

"ಬದಲಾಗುತ್ತದೆ" ಎಂದೆವು, "ಏರುತ್ತದೆ" ಎನ್ನಲಿಲ್ಲ. ಫ್ರೀಡ್ಮನ್ ಪರೀಕ್ಷೆ ದಿಕ್ಕನ್ನು ಕೇಳುವುದಿಲ್ಲ. ವಯಸ್ಸಾದಂತೆ ಅಳತೆ ಏರುತ್ತದೆ ಎಂದು ಮೊದಲೇ ನಿರೀಕ್ಷಿಸಿದ್ದರೆ, ಶಿಕ್ಷಣ ಮನೋವಿಜ್ಞಾನಿ ಎಲಿಸ್ ಪೇಜ್ 1963ರಲ್ಲಿ ಕೊಟ್ಟ ಪರೀಕ್ಷೆ ಹೆಚ್ಚು ಹೊಂದುತ್ತದೆ. ಮೊತ್ತಗಳನ್ನು ಕ್ರಮವಾಗಿ 1, 2, 3, 4ರಿಂದ ಗುಣಿಸಿ ಕೂಡಿಸಿ: 12.5 + 45 + 97.5 + 170 = 325. ಎಲ್ಲ ಹುಡುಗಿಯರೂ ತಪ್ಪದೆ ಏರಿದ್ದರೆ 330 ಬರುತ್ತಿತ್ತು. ಯಾವ ಸಂಬಂಧವೂ ಇಲ್ಲದಿದ್ದರೆ 275ರ ಆಸುಪಾಸು. 325 ಎಂಬುದು ತುದಿಗೆ ತಾಗಿದಂತೆಯೇ ಇದೆ.

ರ‍್ಯಾಂಕ್ ಏನನ್ನು ಬಿಟ್ಟುಕೊಡುತ್ತದೆ ಎಂಬುದನ್ನೂ ಅಂದೇ ಹೇಳಿಬಿಡಬೇಕು. 3ನೆಯ ಹುಡುಗಿ 5.5 ಮಿ.ಮೀ. ಬೆಳೆದಳು, 4ನೆಯವಳು 3 ಮಿ.ಮೀ. ಇಬ್ಬರಿಗೂ ಸಿಕ್ಕ ರ‍್ಯಾಂಕ್ 1, 2, 3, 4. ಎಷ್ಟು ಎಂಬುದು ಹೋಯಿತು, ಯಾವ ಕಡೆಗೆ ಎಂಬುದು ಉಳಿಯಿತು. ಆದ್ದರಿಂದ ವರದಿಯಲ್ಲಿ ಪರೀಕ್ಷೆಯ ಮೌಲ್ಯದ ಜೊತೆ ಮಿ.ಮೀ. ಲೆಕ್ಕದ ಮಧ್ಯಾಂಕವನ್ನೂ ಬರೆಯುವ ಅಭ್ಯಾಸವನ್ನು ಮೊದಲ ದಿನವೇ ಹಾಕಿಸಿ.

ಎರಡನೆಯ ತರಗತಿ: ಮಕ್ಕಳ ಗುಂಪುಗಳನ್ನು ಹೋಲಿಸುವುದು

ಪ್ರಶ್ನೆ: ಹುಡುಗರು ಹುಡುಗಿಯರಿಗಿಂತ ಹೆಚ್ಚು ಬೆಳೆದರೇ?

ವಿದ್ಯಾರ್ಥಿಗಳು ಮೊದಲು ಸೂಚಿಸುವ ದಾರಿ, ಹುಡುಗರ 64 ಅಳತೆಗಳನ್ನೂ ಹುಡುಗಿಯರ 44 ಅಳತೆಗಳನ್ನೂ ಎದುರುಬದುರು ಇಡುವುದು. 108 ಅಳತೆಗಳಿವೆ ಎಂದು ಕಂಡರೂ ಮಕ್ಕಳು 27 ಮಾತ್ರ. ಹೀಗೆ ಮಾಡಿದರೆ ಸಾಕ್ಷ್ಯ ಇರುವುದಕ್ಕಿಂತ ನಾಲ್ಕು ಪಟ್ಟು ಇದೆ ಎಂದು ಲೆಕ್ಕ ನಂಬುತ್ತದೆ. ಮೇಲಾಗಿ ಪ್ರಶ್ನೆ ಬೆಳವಣಿಗೆಯದು. ಈ ಹೋಲಿಕೆ ಹೇಳುವುದು ಮಟ್ಟವನ್ನು. ಎರಡನೆಯ ದಾರಿ, ನಾಲ್ಕು ವಯಸ್ಸಿಗೂ ಬೇರೆ ಬೇರೆ ಪರೀಕ್ಷೆ ಮಾಡುವುದು. ಅದೂ ಬೆಳವಣಿಗೆಯನ್ನು ಹೇಳುವುದಿಲ್ಲ. ನಾಲ್ಕು ಸಲ ಬಲೆ ಬೀಸಿದರೆ ಒಮ್ಮೆಯಾದರೂ ಆಕಸ್ಮಿಕವಾಗಿ ಮೀನು ಬೀಳುವ ಸಂಭವ ಹೆಚ್ಚು.

ಸರಿಯಾದ ದಾರಿ ಎರಡು ಮೆಟ್ಟಿಲಿನದು. ಮೊದಲು ಪ್ರತಿ ಮಗುವಿನ ನಾಲ್ಕು ಅಳತೆಗಳನ್ನು ಬೆಳವಣಿಗೆಯನ್ನು ತೋರಿಸುವ ಒಂದೇ ಸಂಖ್ಯೆಗೆ ಇಳಿಸಿ. ಈಗ ಒಂದು ಮಗುವಿಗೆ ಒಂದೇ ಸಂಖ್ಯೆ. 27 ಮಕ್ಕಳಿಗೆ 27 ಸ್ವತಂತ್ರ ಸಂಖ್ಯೆಗಳು. ನಂತರ ಎರಡು ಗುಂಪುಗಳನ್ನು ಹೋಲಿಸಿ.

ಅತಿ ಸರಳ ಸಂಖ್ಯೆ, 14ನೆಯ ವಯಸ್ಸಿನ ಅಳತೆಯಿಂದ 8ನೆಯ ವಯಸ್ಸಿನದನ್ನು ಕಳೆದದ್ದು.
ಹುಡುಗಿಯರು, ಏರಿಕೆ ಕ್ರಮದಲ್ಲಿ: 1, 1.5, 2, 2, 2.5, 3, 3, 3.5, 3.5, 4.5, 5.5
ಹುಡುಗರು, ಏರಿಕೆ ಕ್ರಮದಲ್ಲಿ: 1.5, 1.5, 2, 3, 3, 3.5, 4, 4, 4.5, 4.5, 5, 5, 6, 6.5, 7, 12.5

ಹುಡುಗಿಯರ ಸರಾಸರಿ 2.91, ಮಧ್ಯಾಂಕ 3. ಹುಡುಗರ ಸರಾಸರಿ 4.59, ಮಧ್ಯಾಂಕ 4.25. ಹುಡುಗರ ಪಟ್ಟಿಯ ಕೊನೆಯ 12.5 ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಅದು 13ನೆಯ ಹುಡುಗನದು. ಎಂಟನೆಯ ವಯಸ್ಸಿನಲ್ಲಿ 17 ಇದ್ದವನು 29.5 ತಲುಪಿದ. ಅವನೊಬ್ಬನನ್ನು ಬಿಟ್ಟರೆ ಉಳಿದ 15 ಹುಡುಗರ ಸರಾಸರಿ 4.07ಕ್ಕೆ ಇಳಿಯುತ್ತದೆ, ಮಧ್ಯಾಂಕ 4ಕ್ಕೆ. ಸರಾಸರಿ ಅರ್ಧ ಮಿ.ಮೀ. ಜಾರಿತು, ಮಧ್ಯಾಂಕ ಅದರ ಅರ್ಧದಷ್ಟು.

ಹೋಲಿಕೆಗೆ ಮಾನ್–ವಿಟ್ನಿ ಪರೀಕ್ಷೆಯನ್ನು ಬಳಸೋಣ. ಫ್ರಾಂಕ್ ವಿಲ್ಕಾಕ್ಸನ್ ಎಂಬ ರಸಾಯನವಿಜ್ಞಾನಿ 1945ರಲ್ಲಿ ರ‍್ಯಾಂಕ್‌ಗಳ ಮೊತ್ತದ ಮೂಲಕ ಇದನ್ನು ಸೂಚಿಸಿದರು; 1947ರಲ್ಲಿ ಮಾನ್ ಮತ್ತು ವಿಟ್ನಿ ವಿಸ್ತರಿಸಿದರು. ತರಗತಿಯಲ್ಲಿ ಇದನ್ನು ಪಂದ್ಯಾವಳಿಯಾಗಿ ಹೇಳಿದರೆ ಸೂತ್ರ ಬಾಯಿಪಾಠ ಮಾಡಬೇಕಿಲ್ಲ. ಪ್ರತಿ ಹುಡುಗ ಪ್ರತಿ ಹುಡುಗಿಯೊಂದಿಗೆ ಒಂದು ಪಂದ್ಯ ಆಡುತ್ತಾನೆ. ಹೆಚ್ಚು ಬೆಳೆದವರಿಗೆ 1 ಅಂಕ. ಸಮವಾದರೆ ತಲಾ ಅರ್ಧ. ಒಟ್ಟು ಪಂದ್ಯ 16 × 11 = 176.

ಹುಡುಗರ ಅಂಕ:
1.5 ಬೆಳೆದ ಇಬ್ಬರು: ತಲಾ 1.5, ಒಟ್ಟು 3
2 ಬೆಳೆದ ಒಬ್ಬ: 3
3 ಬೆಳೆದ ಇಬ್ಬರು: ತಲಾ 6, ಒಟ್ಟು 12
3.5 ಬೆಳೆದ ಒಬ್ಬ: 8
4 ಬೆಳೆದ ಇಬ್ಬರು: ತಲಾ 9, ಒಟ್ಟು 18
4.5 ಬೆಳೆದ ಇಬ್ಬರು: ತಲಾ 9.5, ಒಟ್ಟು 19
5 ಬೆಳೆದ ಇಬ್ಬರು: ತಲಾ 10, ಒಟ್ಟು 20
6, 6.5, 7, 12.5 ಬೆಳೆದ ನಾಲ್ವರು: ತಲಾ 11, ಒಟ್ಟು 44
ಮೊತ್ತ 127.

176 ಪಂದ್ಯಗಳಲ್ಲಿ 127, ಅಂದರೆ ಸುಮಾರು 72 ಶೇಕಡಾ. ಕಣ್ಣುಮುಚ್ಚಿ ಒಬ್ಬ ಹುಡುಗನನ್ನೂ ಒಬ್ಬ ಹುಡುಗಿಯನ್ನೂ ಆರಿಸಿದರೆ ಹುಡುಗನೇ ಹೆಚ್ಚು ಬೆಳೆದಿರುವ ಸಂಭವ 72 ಶೇಕಡಾ. ಸಮವಾದದ್ದನ್ನು ಅರ್ಧ ಎಂದು ಎಣಿಸಿದ್ದೇವೆ. ಈ ಸಂಖ್ಯೆಯನ್ನು ಯಾವ ರೋಗಿಗಾದರೂ ವಿವರಿಸಬಹುದು. ದೀರ್ಘಕಾಲಿಕ ದತ್ತಾಂಶಕ್ಕೆ ಬ್ರುನ್ನರ್, ಡೊಮ್‌ಹೋಫ್, ಲಾಂಗರ್ 2002ರ ತಮ್ಮ ಗ್ರಂಥದಲ್ಲಿ ಬೆಳೆಸಿರುವ ವಿಧಾನಗಳಿಗೂ ಇಂಥ ಸಂಭವವೇ ತಿರುಳು.

13ನೆಯ ಹುಡುಗನ 12.5ಕ್ಕೆ ಸಿಕ್ಕದ್ದು 11 ಅಂಕ. 6ಕ್ಕೆ ಸಿಕ್ಕದ್ದೂ 11. ಯಾರಾದರೂ 12.5ನ್ನು ಬರೆಯುವಾಗ ಚುಕ್ಕೆ ಮರೆತು 125 ಎಂದು ಬರೆದರೆ ಹುಡುಗರ ಸರಾಸರಿ 11.63ಕ್ಕೆ ಹಾರುತ್ತದೆ. ಪಂದ್ಯಾವಳಿಯ 127 ಅಲುಗುವುದಿಲ್ಲ.

ಈ 127 ಆಕಸ್ಮಿಕವೇ? ವ್ಯತ್ಯಾಸವೇ ಇಲ್ಲದಿದ್ದರೆ ನಿರೀಕ್ಷೆ 176ರ ಅರ್ಧ, 88. ಮಾನಕ ವಿಚಲನೆ, 11 × 16 × 28ನ್ನು 12ರಿಂದ ಭಾಗಿಸಿ ವರ್ಗಮೂಲ ತೆಗೆದರೆ 20.26. (127 − 88) ÷ 20.26 = 1.92. ಸಮ ಅಳತೆಗಳ ತಿದ್ದುಪಡಿ ಮಾಡಿದರೆ 1.93. 5 ಶೇಕಡಾ ಮಟ್ಟದ ಗಡಿ 1.96. ಗಡಿಯಿಂದ ಕೂದಲೆಳೆಯಷ್ಟು ಈಚೆಗೆ ನಿಂತಿತು.

ತರಗತಿಯನ್ನು ಇಲ್ಲಿಗೇ ನಿಲ್ಲಿಸಿ. ವಿದ್ಯಾರ್ಥಿಗಳ ತೀರ್ಮಾನವನ್ನು ಅವರ ಟಿಪ್ಪಣಿ ಪುಸ್ತಕದಲ್ಲಿ ಬರೆಸಿ, ದಿನಾಂಕ ಹಾಕಿಸಿ.

ಮೂರನೆಯ ತರಗತಿ: ಗಡಿಯನ್ನು ದಾಟಿಸಿದವರು ಯಾರು?

ಯಾರಾದರೂ ಒಬ್ಬ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ: "ನಾಲ್ಕು ಅಳತೆ ಇರುವಾಗ ಎರಡನ್ನು ಮಾತ್ರ ಬಳಸಿದೆವಲ್ಲ, 10 ಮತ್ತು 12ನೆಯ ವಯಸ್ಸಿನವು ವ್ಯರ್ಥವಾಗಲಿಲ್ಲವೇ?" ನ್ಯಾಯವಾದ ಪ್ರಶ್ನೆ. ನಾಲ್ಕನ್ನೂ ಬಳಸುವ ಒಂದು ನಾನ್‌ಪ್ಯಾರಾಮೆಟ್ರಿಕ್ ಸಂಖ್ಯೆಯನ್ನು ಥೈಲ್ 1950ರಲ್ಲಿ ಸೂಚಿಸಿದರು. ಪ್ರಣಬ್ ಕುಮಾರ್ ಸೆನ್ 1968ರಲ್ಲಿ ಅದನ್ನು ವಿಸ್ತರಿಸಿದರು. ಸೆನ್ ಅವರೂ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಓದಿ ಉತ್ತರ ಕೆರೊಲಿನಾದಲ್ಲಿ ಬಹುಕಾಲ ಪಾಠ ಹೇಳಿದವರು. ನಾಲ್ಕು ಬಿಂದುಗಳಿಂದ ಆರು ಜೋಡಿಗಳಾಗುತ್ತವೆ. ಪ್ರತಿ ಜೋಡಿಯ ಇಳಿಜಾರನ್ನು, ಅಂದರೆ ವರ್ಷಕ್ಕೆ ಎಷ್ಟು ಮಿ.ಮೀ. ಎಂಬುದನ್ನು ಕಂಡುಹಿಡಿದು, ಆರರ ಮಧ್ಯಾಂಕ ತೆಗೆಯಿರಿ. ಅದೇ ಥೈಲ್–ಸೆನ್ ಇಳಿಜಾರು.

ಮಾದರಿ ಲೆಕ್ಕ, ಹುಡುಗಿ 1: 21, 20, 21.5, 23.
8–10: −0.5, 10–12: 0.75, 12–14: 0.75; 8–12: 0.125, 10–14: 0.75, 8–14: 0.33.
ಏರಿಕೆ ಕ್ರಮ: −0.5, 0.125, 0.33, 0.75, 0.75, 0.75. ಮಧ್ಯಾಂಕ, 0.33 ಮತ್ತು 0.75ರ ನಡುವಿನದು, 0.54.

ತರಗತಿಯನ್ನು ಒಂಬತ್ತು ತಂಡ ಮಾಡಿ, ತಂಡಕ್ಕೆ ಮೂರು ಮಕ್ಕಳಂತೆ ಹಂಚಿದರೆ ಹತ್ತು ನಿಮಿಷದಲ್ಲಿ 27 ಇಳಿಜಾರುಗಳು ಸಿದ್ಧ. ತಾಳೆ ನೋಡಲು:
ಹುಡುಗಿಯರು, 1ರಿಂದ 11: 0.54, 0.75, 0.83, 0.50, 0.29, 0.40, 0.54, 0.21, 0.375, 0.375, 0.67
ಹುಡುಗರು, 1ರಿಂದ 16: 0.92, 0.67, 0.75, 0.25, 0.81, 0.71, 0.875, 0.375, 0.94, 0.77, 0.29, 1.04, 1.92, 0.42, 0.96, 0.625

ಹುಡುಗಿಯರ ಮಧ್ಯಾಂಕ ವರ್ಷಕ್ಕೆ 0.50 ಮಿ.ಮೀ., ಹುಡುಗರದು 0.76. ಮತ್ತೆ ಪಂದ್ಯಾವಳಿ ನಡೆಸಿದರೆ ಹುಡುಗರ ಅಂಕ 131.5. ಸುಮಾರು 75 ಶೇಕಡಾ. (131.5 − 88) ÷ 20.26 = 2.15. ಗಡಿ 1.96, ಈ ಸಲ ದಾಟಿತು!

ನಿನ್ನೆ "ಸಾಕಷ್ಟು ಪುರಾವೆ ಇಲ್ಲ" ಎಂದು ಬರೆದವರು ಇಂದು "ಪುರಾವೆ ಇದೆ" ಎಂದು ಬರೆಯಬೇಕೇ? ಉತ್ತರ ಹೇಳುವ ಮೊದಲು, 127 ಹೇಗೆ 131.5 ಆಯಿತು ಎಂದು ಹುಡುಗ ಹುಡುಗನಾಗಿ ತಾಳೆ ನೋಡಲು ಹೇಳಿ. ಅಂಕ ಅತಿ ಹೆಚ್ಚು ಬದಲಾದದ್ದು 9ನೆಯ ಹುಡುಗನದು. ಮೊದಲ ವಿಧಾನದಲ್ಲಿ ಅವನಿಗೆ 6 ಅಂಕ, ಎರಡನೆಯದರಲ್ಲಿ 11. ಅವನೊಬ್ಬನಿಂದಲೇ 5 ಅಂಕ ಏರಿತು. ಉಳಿದ 15 ಹುಡುಗರ ಏರಿಳಿತಗಳೆಲ್ಲ ಒಂದಕ್ಕೊಂದು ವಜಾ ಆಗಿ ಅರ್ಧ ಅಂಕ ಇಳಿಕೆ. ಒಟ್ಟು ಬದಲಾವಣೆ 4.5.

ಆ ಹುಡುಗನ ಅಳತೆಗಳು: 23, 20.5, 31, 26. ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ಅಂಕುಡೊಂಕು ಎದ್ದುಕಾಣುತ್ತದೆ. ಎರಡು ವರ್ಷದಲ್ಲಿ 10.5 ಮಿ.ಮೀ. ಏರಿ, ಮುಂದಿನ ಎರಡು ವರ್ಷದಲ್ಲಿ 5 ಮಿ.ಮೀ. ಇಳಿಯುವುದು ಬೆಳೆಯುವ ಮಗುವಿನ ಮೂಳೆಯಲ್ಲಿ ನಂಬಲು ಕಷ್ಟ. 10 ಮತ್ತು 12ನೆಯ ವಯಸ್ಸಿನ ಈ ಎರಡು ಅಳತೆಗಳು ಮೊದಲ ವಿಧಾನದಲ್ಲಿ ಲೆಕ್ಕಕ್ಕೇ ಬಂದಿರಲಿಲ್ಲ, ಎರಡನೆಯದರಲ್ಲಿ ಬಂದವು. ಅಂದರೆ ಇಡೀ ಅಧ್ಯಯನದ ತೀರ್ಪನ್ನು ಗಡಿಯ ಆಚೆಗೆ ನೂಕಿದ್ದು 108ರಲ್ಲಿ ಎರಡು ಅನುಮಾನಾಸ್ಪದ ಅಂಕಿಗಳು.

"ಥೈಲ್–ಸೆನ್ ಇಳಿಜಾರು ವಿಪರೀತ ಅಳತೆಗಳನ್ನು ತಡೆದುಕೊಳ್ಳುತ್ತದೆ" ಎಂದು ಪುಸ್ತಕಗಳಲ್ಲಿ ಇರುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಬಿಂದುಗಳು ಹೆಚ್ಚಿದ್ದರೆ ಅದು ನಿಜ. ನಾಲ್ಕೇ ಬಿಂದುಗಳಿದ್ದಾಗ ಒಂದು ಕೆಟ್ಟ ಬಿಂದು ಆರು ಜೋಡಿಗಳಲ್ಲಿ ಮೂರನ್ನು ಮುಟ್ಟುತ್ತದೆ. ಎರಡು ಕೆಟ್ಟರೆ ಐದನ್ನು. ಈ ಹುಡುಗನಿಗೆ ಸಾಮಾನ್ಯ ಕನಿಷ್ಠ ವರ್ಗ ವಿಧಾನದ ಇಳಿಜಾರು 0.975, ಥೈಲ್–ಸೆನ್ ಇಳಿಜಾರು 0.94. ಹೆಚ್ಚಿನ ರಕ್ಷಣೆ ಸಿಕ್ಕಿಲ್ಲ. ವಿಧಾನದ ಹೆಸರು ನೋಡಿ ನೆಮ್ಮದಿಯಾಗಿರುವಂತಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಹಾಗಾದರೆ ಆ ಹುಡುಗನನ್ನು ಪಟ್ಟಿಯಿಂದ ತೆಗೆಯಬೇಕೇ? ಬೇಡ. ಅಳತೆ ವಿಚಿತ್ರವಾಗಿದೆ ಎಂಬುದು ತೆಗೆಯಲು ಕಾರಣವಲ್ಲ. ಮೂಲ ಎಕ್ಸ್-ರೇಯನ್ನು ಮತ್ತೆ ನೋಡಲು ಕಾರಣ. ನೋಡಲು ಸಾಧ್ಯವಿಲ್ಲದಿದ್ದರೆ ಅವನನ್ನು ಇಟ್ಟುಕೊಂಡೇ ವಿಶ್ಲೇಷಣೆ ಮಾಡಿ, ಫಲಿತಾಂಶ ಅವನ ಮೇಲೆ ಎಷ್ಟು ನಿಂತಿದೆ ಎಂದು ವರದಿಯಲ್ಲಿ ತೆರೆದು ಹೇಳಬೇಕು.

ಈಗ ನಿನ್ನೆಯ ಪುಟ ತೆರೆಸಿ. ಎರಡು ವಿಧಾನಗಳೂ ಹೇಳಿದ ಕಥೆ ಹೆಚ್ಚುಕಡಿಮೆ ಒಂದೇ: 72 ಶೇಕಡಾ, 75 ಶೇಕಡಾ. ಹುಡುಗರ ಬೆಳವಣಿಗೆ ಹೆಚ್ಚಿರುವಂತೆ ಕಾಣುತ್ತದೆ. 27 ಮಕ್ಕಳಿಂದ ಇದನ್ನು ಗಟ್ಟಿಯಾಗಿ ಹೇಳುವುದು ಕಷ್ಟ. ಬದಲಾದದ್ದು ಗಡಿಯ ಯಾವ ಬದಿ ಎಂಬುದಷ್ಟೆ. ಎರಡನ್ನೂ ಮಾಡಿ ನೋಡಿ, ಗಡಿ ದಾಟಿದ್ದನ್ನು ಮಾತ್ರ ಪ್ರಕಟಿಸಿದರೆ, ಓದುವವರು 2.15 ಮಾತ್ರ ಕಾಣುತ್ತಾರೆ; 1.93 ಅವರ ಕಣ್ಣಿಗೆ ಬೀಳುವುದೇ ಇಲ್ಲ. ಇಲ್ಲಿ ವಿಷಯ ದವಡೆಯ ಮೂಳೆ. ಇದೇ ಲೆಕ್ಕ ಔಷಧಿಯೊಂದರದ್ದಾಗಿದ್ದರೆ, ಆರಿಸಿ ತೋರಿಸಿದ ಆ ಒಂದು ಸಂಖ್ಯೆಯನ್ನು ನಂಬಿ ರೋಗಿಗಳು ವರ್ಷಗಟ್ಟಲೆ ಮಾತ್ರೆ ನುಂಗುತ್ತಾರೆ. ಆದ್ದರಿಂದ ಯಾವ ಸಂಖ್ಯೆಗೆ ಇಳಿಸುತ್ತೇವೆ, ಯಾವ ಪರೀಕ್ಷೆ ಮಾಡುತ್ತೇವೆ ಎಂಬುದನ್ನು ದತ್ತಾಂಶ ಕೈಗೆ ಬರುವ ಮೊದಲೇ ಬರೆದಿಡಬೇಕು. ಬರೆದಿಟ್ಟದ್ದು 14ರಿಂದ 8 ಕಳೆಯುವುದಾಗಿದ್ದರೆ ಉತ್ತರ 1.93, ಥೈಲ್–ಸೆನ್ ಆಗಿದ್ದರೆ 2.15. ಎರಡರಲ್ಲಿ ಯಾವುದಾದರೂ ಪ್ರಾಮಾಣಿಕವೇ, ಮೊದಲೇ ಆರಿಸಿದ್ದರೆ.

ಕಪ್ಪು ಹಲಗೆ ಸಾರಾಂಶ

1. ಮಕ್ಕಳನ್ನು ಎಣಿಸಿ, ಅಳತೆಗಳನ್ನಲ್ಲ.
2. ಒಂದೇ ಗುಂಪು, ಹಲವು ಸಂದರ್ಭ: ಸಾಲಿನೊಳಗೆ ರ‍್ಯಾಂಕ್, ಫ್ರೀಡ್ಮನ್. ದಿಕ್ಕು ಮೊದಲೇ ಗೊತ್ತಿದ್ದರೆ ಪೇಜ್.
3. ಎರಡು ಗುಂಪು: ಮಗುವಿಗೆ ಒಂದು ಸಂಖ್ಯೆ, ನಂತರ ಮಾನ್–ವಿಟ್ನಿ.
4. ಪರೀಕ್ಷೆಯ ಮೌಲ್ಯದ ಜೊತೆ ಮಧ್ಯಾಂಕ ಮತ್ತು ಶೇಕಡಾ ಬರೆಯಿರಿ.
5. ವಿಧಾನದ ಆಯ್ಕೆ ಮೊದಲು, ಉತ್ತರ ಆಮೇಲೆ.

ಮೌಲ್ಯಮಾಪನ

1. ಕೋಷ್ಟಕ 2ಕ್ಕೆ ಫ್ರೀಡ್ಮನ್ ಪರೀಕ್ಷೆ ಮಾಡಿ. (ಮೊತ್ತಗಳು 22, 29.5, 46.5, 62, ಪ್ರತಿಯೊಂದರ ನಿರೀಕ್ಷೆ 40, ತಿದ್ದುಪಡಿಯಿಲ್ಲದ ಮೌಲ್ಯ 36.02.)
2. 9ನೆಯ ಹುಡುಗನ 31 ಎಂಬುದು 310 ಆಗಿದ್ದರೆ ಪ್ರಶ್ನೆ 1ರ ಉತ್ತರ ಎಷ್ಟು ಬದಲಾಗುತ್ತದೆ? (ಬದಲಾಗುವುದಿಲ್ಲ, ಅವನ ಸಾಲಿನಲ್ಲಿ ಅದು ಆಗಲೂ 4ನೆಯ ರ‍್ಯಾಂಕ್.)
3. ಫ್ರೀಡ್ಮನ್ ಮೌಲ್ಯ ಹುಡುಗಿಯರಲ್ಲಿ 27.27, ಹುಡುಗರಲ್ಲಿ 36.02. ಹುಡುಗರು ಹೆಚ್ಚು ಬೆಳೆದರು ಎಂದು ಇದರಿಂದ ಹೇಳಬಹುದೇ? (ಇಲ್ಲ. ಗುಂಪಿನ ಗಾತ್ರ ಬೇರೆ; ಗರಿಷ್ಠ ಸಾಧ್ಯ ಮೌಲ್ಯವೇ 33 ಮತ್ತು 48. ಮೇಲಾಗಿ ಈ ಪರೀಕ್ಷೆ ಎಷ್ಟು ಬೆಳೆದರು ಎಂಬುದನ್ನು ಅಳೆಯುವುದೇ ಇಲ್ಲ.)

ಮನೆಗೆಲಸ

ಹತ್ತು ಸಹಪಾಠಿಗಳ ನಾಡಿಬಡಿತವನ್ನು ನಾಲ್ಕು ಸಲ ಎಣಿಸಿ: ಕುಳಿತಿರುವಾಗ, ಎರಡು ನಿಮಿಷ ಮೆಟ್ಟಿಲು ಹತ್ತಿಳಿದ ಕೂಡಲೇ, ಮತ್ತೆ ಎರಡು ನಿಮಿಷದ ನಂತರ, ಐದು ನಿಮಿಷದ ನಂತರ. ಎಣಿಸುವ ಮೊದಲೇ ಎರಡು ವಾಕ್ಯ ಬರೆದು ಶಿಕ್ಷಕರಿಗೆ ಒಪ್ಪಿಸಿ: ಯಾವ ಪರೀಕ್ಷೆ ಮಾಡುವಿರಿ, ಏಕೆ. ಬಡಿತ ಏರಿ ಇಳಿಯುವ ಕಾರಣ ಪೇಜ್ ಪರೀಕ್ಷೆಯನ್ನು ಆರಿಸುವವರು ನಿರೀಕ್ಷಿತ ಕ್ರಮವನ್ನೂ ಬರೆಯಬೇಕು. ಉಸಿರಾಟ ಅಥವಾ ಹೃದಯದ ತೊಂದರೆ ಇರುವವರನ್ನು ಮೆಟ್ಟಿಲು ಹತ್ತಿಸಬೇಡಿ. ಅವರು ಗಡಿಯಾರ ನೋಡಲಿ.

ಬೋಧಿಸುವವರಿಗೆ ಸೂಚನೆ

ನಿಜವಾದ ವೈದ್ಯಕೀಯ ದತ್ತಾಂಶದಲ್ಲಿ ಕೆಲವು ಅಳತೆ ಬಿಟ್ಟುಹೋಗಿರುತ್ತವೆ. ರೋಗಿ ಒಂದು ಸಲ ಬಂದಿರುವುದಿಲ್ಲ. ಫ್ರೀಡ್ಮನ್ ಪರೀಕ್ಷೆಗೆ ಸಾಲು ಪೂರ್ಣವಾಗಿರಬೇಕು. ಬಿಟ್ಟುಹೋದ ಸಾಲುಗಳಿಗೂ ಹೊಂದುವ ರೂಪವನ್ನು ಸ್ಕಿಲಿಂಗ್ಸ್ ಮತ್ತು ಮ್ಯಾಕ್ 1981ರಲ್ಲಿ ಕೊಟ್ಟಿದ್ದಾರೆ. ಆದರೆ ಯಾವ ಸೂತ್ರವೂ ಒಂದು ಪ್ರಶ್ನೆಗೆ ಉತ್ತರ ಕೊಡುವುದಿಲ್ಲ: ರೋಗಿ ಏಕೆ ಬರಲಿಲ್ಲ? ಗುಣವಾದ್ದರಿಂದ ಬರದಿರುವುದು ಬೇರೆ, ಎದ್ದು ಬರಲಾರದಷ್ಟು ಸೊರಗಿದ್ದರಿಂದ ಬರದಿರುವುದು ಬೇರೆ. ಕೋಷ್ಟಕದಲ್ಲಿ ಎರಡೂ ಒಂದೇ ಬಗೆಯ ಖಾಲಿ ಮನೆ. ಖಾಲಿ ಮನೆ ಕಂಡಾಗ ಲೆಕ್ಕಕ್ಕೆ ಮೊದಲು ಕಾರಣ ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸಬೇಕು.